ಅಂಗೈಯಗಲದ ರಣಭೂಮಿ

1799ರ ಏಪ್ರಿಲ್ 5ರ ರಾತ್ರಿ. ಶ್ರೀರಂಗಪಟ್ಟಣದ ಎದುರು ಬೀಡುಬಿಟ್ಟಿದ್ದ ಇಂಗ್ಲಿಷ್ ಸೈನ್ಯದ ಒಂದು ತುಕಡಿ ಸುಲ್ತಾನ್‌ಪೇಟೆ ತೋಪಿನೊಳಕ್ಕೆ ನುಗ್ಗಿತು. ಕಗ್ಗತ್ತಲು, ಒತ್ತೊತ್ತಾಗಿ ನಿಂತ ಮರಗಳು, ನಡುವೆ ನೀರಿನ ಕಾಲುವೆ. ತೋಪಿನ ಒಳಹೊರಗನ್ನು ಬಲ್ಲ ಟಿಪ್ಪುವಿನ ಸೈನಿಕರು ಹಾರಿಸಿದ ಗುಂಡುಗಳ ಮುಂದೆ ತುಕಡಿ ದಿಕ್ಕಾಪಾಲಾಯಿತು. ಹನ್ನೆರಡು ಮಂದಿ ಸೆರೆಸಿಕ್ಕರು. ಮೊಣಕಾಲಿಗೆ ಪೆಟ್ಟು ತಿಂದು ಕತ್ತಲಲ್ಲಿ ದಾರಿ ತಪ್ಪಿ ಹಿಂದಿರುಗಿದ ದಳಪತಿಯ ಹೆಸರು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಹಗಲಿನಲ್ಲಿ ಕಣ್ಣಾರೆ ನೋಡದ ಜಾಗದ ಮೇಲೆ ಇನ್ನೆಂದೂ ರಾತ್ರಿ ದಾಳಿ ಮಾಡಬಾರದೆಂದು ಆತ ನಿರ್ಧರಿಸಿದ. ಮರುದಿನ ಬೆಳಕಿನಲ್ಲಿ ಅದೇ ತೋಪು ಇಂಗ್ಲಿಷರ ವಶವಾಯಿತು. ಹದಿನಾರು ವರ್ಷಗಳ ಬಳಿಕ, 1815ರ ಜೂನ್ 18ರಂದು, ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಎದುರಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಈತನೇ.

ನೆಲದ ಏರುತಗ್ಗು ತಿಳಿಯದೆ ಯುದ್ಧ ಅರ್ಥವಾಗುವುದಿಲ್ಲ. ಆದರೆ ಆ ನೆಲವನ್ನು ನಾಲ್ಕು ಗೋಡೆಗಳ ನಡುವೆ ತಂದು ತೋರಿಸುವುದು ಹೇಗೆ? ಯುರೋಪಿನಲ್ಲಿ ರಣಭೂಮಿಯ ಕಿರು ಮಾದರಿಗಳು ಹುಟ್ಟಿದ್ದು ಈ ಪ್ರಶ್ನೆಯಿಂದ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, 1668ರಿಂದ, ಗಡಿ ಕೋಟೆಗಳ ಮಾದರಿಗಳನ್ನು ಮರ, ಕಾಗದ, ರೇಷ್ಮೆಗಳಿಂದ ಮಾಡಿಸಲಾಗುತ್ತಿತ್ತು. ಅವು ಅರಸನ ಸೊತ್ತು, ಕಂಡವರಿಗೆಲ್ಲ ತೋರಿಸುವಂಥವಲ್ಲ.

ಅರಮನೆಯ ಮೇಜು

ಪ್ರಷ್ಯದ ಬ್ಯಾರನ್ ಫಾನ್ ರೈಸ್‌ವಿಟ್ಸ್ ಎಂಬಾತ ಮರಳಿನಲ್ಲಿ ಬೆಟ್ಟ ಕಣಿವೆ ಮಾಡಿ ಯುದ್ಧದಾಟ ಆಡಿಸುತ್ತಿದ್ದ. ಸುದ್ದಿ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂನ ಕಿವಿಗೂ ಬಿತ್ತು. ದೊರೆಗೆ ಬರಿಯ ಮರಳನ್ನು ತೋರಿಸುವುದೇ ಎಂದು ಬ್ಯಾರನ್‌ಗೆ ಸಂಕೋಚ. 1812ರಲ್ಲಿ ಆತ ಅರಮನೆಗೆ ತಂದದ್ದು ಸೆಳೆಖಾನೆಗಳಿದ್ದ ದೊಡ್ಡ ಮೇಜು. ನದಿ, ದಾರಿ, ಹಳ್ಳಿ, ಗುಡ್ಡಗಳನ್ನು ಮೂಡಿಸಿ ಬಣ್ಣ ಬಳಿದ ಗಾರೆಯ ಬಿಲ್ಲೆಗಳನ್ನು ಹೇಗೆ ಬೇಕಾದರೂ ಜೋಡಿಸಿ ಹೊಸ ಹೊಸ ನೆಲ ಕಟ್ಟಬಹುದಿತ್ತು. ರಾಜಕುಮಾರರು ಮೆಚ್ಚಿದರು. ಆದರೆ ಆ ಮೇಜು ಅರಮನೆಯಲ್ಲೇ ಉಳಿಯಿತು.

ಅದನ್ನು ಹೊರಗೆ ತಂದವನು ಬ್ಯಾರನ್ನನ ಮಗ. 1824ರಲ್ಲಿ ಆತ ಗಾರೆಯನ್ನು ಕೈಬಿಟ್ಟು, ಅದೇ ಆಟವನ್ನು ಕಾಗದದ ನಕ್ಷೆಯ ಮೇಲೆ ಆಡುವಂತೆ ಮಾಡಿದ. ಸೇನೆಯ ಮುಖ್ಯಸ್ಥ ಮ್ಯೂಫ್ಲಿಂಗ್, ಇದು ಆಟವಲ್ಲ, ಯುದ್ಧದ ಪಾಠಶಾಲೆ ಎಂಬರ್ಥದ ಮಾತಾಡಿ ಎಲ್ಲ ಪಡೆಗಳಿಗೂ ಶಿಫಾರಸು ಮಾಡಿದ. ವಸ್ತು ಅಗ್ಗವಾದೊಡನೆ ವಿದ್ಯೆ ಹರಡಿತು.

ಲೆಫ್ಟಿನೆಂಟನ ಸಾಹಸ

ಇದಕ್ಕೆ ತದ್ವಿರುದ್ಧವಾದ ಕಥೆ ಇಂಗ್ಲೆಂಡಿನ ವಿಲಿಯಂ ಸಿಬೋರ್ನ್‌ನದು. ಈತ ವಾಟರ್‌ಲೂನಲ್ಲಿ ಹೋರಾಡಿದವನಲ್ಲ. ಭೂಮಾಪನ ಬಲ್ಲ ಲೆಫ್ಟಿನೆಂಟ್. 1830ರಲ್ಲಿ ವಾಟರ್‌ಲೂ ರಣಭೂಮಿಯ ಮಾದರಿ ಮಾಡುವಂತೆ ಆತನಿಗೆ ಅಪ್ಪಣೆಯಾಯಿತು. ಆತ ಕದನ ನಡೆದ ಲಾ ಹೇ ಸೇಂತ್ ತೋಟದ ಮನೆಯಲ್ಲೇ ಎಂಟು ತಿಂಗಳು ಉಳಿದು ನೆಲವನ್ನು ಅಳೆದ. ಬಳಿಕ ಬದುಕಿದ್ದ ಅಧಿಕಾರಿಗಳಿಗೆ ಸುತ್ತೋಲೆ ಕಳುಹಿಸಿದ. ಸಂಜೆ ಏಳರ ಹೊತ್ತಿಗೆ ನಿಮ್ಮ ಪಡೆ ಎಲ್ಲಿತ್ತು? ಎದುರಿಗೆ ಯಾರಿದ್ದರು? ಹೊಲದಲ್ಲಿ ಯಾವ ಬೆಳೆಯಿತ್ತು? ಸುಮಾರು 700 ಉತ್ತರಗಳು ಬಂದವು. ಸಾಮಾನ್ಯ ಅಧಿಕಾರಿಗಳ ನೆನಪುಗಳನ್ನು ಇಷ್ಟು ವ್ಯವಸ್ಥಿತವಾಗಿ ಕಲೆಹಾಕಿ ಒಂದು ಯುದ್ಧದ ಚಿತ್ರ ಕಟ್ಟಿದ್ದು ಆ ಕಾಲಕ್ಕೆ ಹೊಸದು.

1833ರಲ್ಲಿ ಸರ್ಕಾರದ ಹಣ ನಿಂತಿತು. ಸಿಬೋರ್ನ್ ಸಾಲ ಮಾಡಿ ಮುಂದುವರಿದ. 1838ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಮಾದರಿ ಪ್ರದರ್ಶನಕ್ಕೆ ಬಂತು. ಒಂದು ಮೈಲಿಗೆ ಒಂಬತ್ತು ಅಡಿಯ ಅಳತೆ, ಸುಮಾರು 75 ಸಾವಿರ ಸೀಸದ ಸಿಪಾಯಿಗಳು. ತಗುಲಿದ ವೆಚ್ಚ ಸುಮಾರು 3,000 ಪೌಂಡ್. ತಲಾ ಒಂದು ಷಿಲ್ಲಿಂಗ್ ಕೊಟ್ಟು ಲಕ್ಷದಷ್ಟು ಜನ ನೋಡಿದರು. ಲೆಕ್ಕಕ್ಕೆ 5,000 ಪೌಂಡ್ ಆಯಿತು. ಆದರೆ ಅದರಲ್ಲಿ ಸಿಬೋರ್ನ್‌ನ ಕೈ ಸೇರಿದ್ದು ಅಲ್ಪ. ಸಾಲ ತೀರಲಿಲ್ಲ.

ಹಣಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಆ ಸಂಜೆ ಬ್ಲೂಷರ್‌ನ ಪ್ರಷ್ಯನ್ ಸೈನ್ಯ ನೆಪೋಲಿಯನ್ನನ ಬಲಪಕ್ಕೆಯ ಮೇಲೆ ಎರಗಿತ್ತು. ಸಿಬೋರ್ನ್ ಅವರನ್ನು ದಟ್ಟವಾಗಿ ನಿಲ್ಲಿಸಿದ್ದ. ಹೀಗಾದರೆ ಗೆಲುವು ಪ್ರಷ್ಯನ್ನರದೇ ಎಂದು ನೋಡುವವರು ಭಾವಿಸುತ್ತಾರೆ ಎಂಬುದು ವೆಲಿಂಗ್ಟನ್ ಕಡೆಯವರ ಆಕ್ಷೇಪ. ಯುದ್ಧದ ಚರಿತ್ರೆ ಬರೆಯುವುದು ನೃತ್ಯಕೂಟದ ಚರಿತ್ರೆ ಬರೆದಂತೆ, ಯಾವುದು ಮೊದಲು ಯಾವುದು ಆಮೇಲೆ ಎಂದು ಯಾರೂ ಹೇಳಲಾರರು ಎಂಬುದು ಡ್ಯೂಕ್‌ನ ಹಳೆಯ ನಿಲುವು. ಕೊನೆಗೆ ಸಿಬೋರ್ನ್ ಪ್ರಷ್ಯನ್ ಪಡೆಗಳ ಸ್ಥಾನವನ್ನು ಬದಲಿಸಿದ. ಅದು ಒತ್ತಡಕ್ಕೆ ಮಣಿದದ್ದೋ, ಹೊಸ ಮಾಹಿತಿಯನ್ನು ಒಪ್ಪಿದ್ದೋ ಎಂಬ ಚರ್ಚೆ ಇತಿಹಾಸಕಾರರಲ್ಲಿ ಮುಗಿದಿಲ್ಲ. ಬೆರಳುದ್ದವೂ ಇಲ್ಲದ ಸೀಸದ ಗೊಂಬೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ಎರಡು ದೇಶಗಳ ಮಾನದ ಪ್ರಶ್ನೆಯಾಗಿತ್ತು.

ಇಷ್ಟರಲ್ಲಿ ನಿಜವಾದ ನೆಲವೇ ಬದಲಾಗಿತ್ತು. 1826ರ ಹೊತ್ತಿಗೆ ಅಲ್ಲಿ ಸುಮಾರು 40 ಮೀಟರ್ ಎತ್ತರದ ಸಿಂಹದ ದಿಬ್ಬ ಎದ್ದಿತ್ತು. ಅದಕ್ಕೆ ಬೇಕಾದ ಮಣ್ಣನ್ನು ಬಗೆದದ್ದು ವೆಲಿಂಗ್ಟನ್ನನ ಪಡೆ ನಿಂತಿದ್ದ ಏರಿನಿಂದಲೇ. ‘ನನ್ನ ರಣಭೂಮಿಯನ್ನು ಕೆಡಿಸಿಬಿಟ್ಟರು’ ಎಂದು ಡ್ಯೂಕ್ ಬೇಸರಪಟ್ಟನಂತೆ. ಸಿಬೋರ್ನ್ 1849ರಲ್ಲಿ ತೀರಿಕೊಂಡ. ಆತನ ಮಾದರಿ ಇಂದು ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ.

ಅಡುಗೆಮನೆಯಿಂದ ಯುದ್ಧಭೂಮಿ

ಈ ವಿದ್ಯೆಯನ್ನು ಮನೆಮನೆಗೆ ಇಳಿಸಿದವನು ಕಾದಂಬರಿಕಾರ ಎಚ್.ಜಿ. ವೆಲ್ಸ್. 1913ರಲ್ಲಿ ಪ್ರಕಟವಾದ ‘ಲಿಟ್ಲ್ ವಾರ್ಸ್’ ಪುಸ್ತಕದಲ್ಲಿ ನೆಲಹಾಸಿನ ಮೇಲೆ ಸೀಮೆಸುಣ್ಣದಿಂದ ಗೀಚಿದ ಗೆರೆಯೇ ನದಿ, ಹಲಗೆಗಳೇ ಗುಡ್ಡ, ಮಕ್ಕಳ ಮರದ ಇಟ್ಟಿಗೆಗಳೇ ಮನೆ, ತೋಟದಿಂದ ಮುರಿದು ತಂದ ಕಡ್ಡಿಗಳೇ ಕಾಡು. ಸ್ಪ್ರಿಂಗ್ ತೋಪಿನಿಂದ ಮರದ ಗುಂಡು ಹಾರಿಸಿ ಸಿಪಾಯಿಗಳನ್ನು ಕೆಡಹುವುದು ಆಟ. ನಿಜವಾದ ಯುದ್ಧ ಇದಕ್ಕಿಂತ ಎಷ್ಟು ದಡ್ಡ ವ್ಯವಹಾರ ಎಂಬುದು ಪುಸ್ತಕದ ಕೊನೆಯ ಮಾತಿನ ತಿರುಳು. ಮರುವರ್ಷವೇ ಮಹಾಯುದ್ಧ ಬಂತು.

1959ರಲ್ಲಿ ಏರ್‌ಫಿಕ್ಸ್ ಕಂಪನಿಯ ಅಗ್ಗದ ಪ್ಲಾಸ್ಟಿಕ್ ಸಿಪಾಯಿಗಳು ಬರತೊಡಗಿದವು. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ ‘ವಾರ್ ಗೇಮ್ಸ್’ ಈ ಹವ್ಯಾಸಕ್ಕೆ ದಾರಿ ತೋರಿತು. ಸಿಪಾಯಿಗಳೇನೋ ಅಂಗಡಿಯಲ್ಲಿ ಸಿಕ್ಕರು. ನೆಲವನ್ನು ಮಾತ್ರ ಮನೆಯಲ್ಲೇ ಮಾಡಬೇಕಿತ್ತು. ಮರದ ಹೊಟ್ಟನ್ನು ಜರಡಿ ಹಿಡಿದು, ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿ, ಅಂಟು ಬಳಿದ ಹಲಗೆಯ ಮೇಲೆ ಉದುರಿಸಿದರೆ ಹುಲ್ಲುಗಾವಲು. ಥರ್ಮೋಕೋಲ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಕೊರೆದರೆ ಗುಡ್ಡ. ಹಳೆಯ ಪತ್ರಿಕೆಯ ಚೂರುಗಳನ್ನು ಮೈದಾ ಅಂಟಿನಲ್ಲಿ ನೆನೆಸಿ ಹೊದಿಸಿದರೆ ಬಂಡೆಗಲ್ಲಿನ ಇಳಿಜಾರು. ಸ್ಪಂಜನ್ನು ಹರಿದು ಬಣ್ಣ ಹಾಕಿದರೆ ಬೇಲಿ. ದಸರೆಯ ಗೊಂಬೆಗಳ ಮುಂದೆ ರಾಗಿಯ ಪೈರು ಬೆಳೆಸಿ ಹೊಲ ಮಾಡಿ, ಕನ್ನಡಿ ಇಟ್ಟು ಕೆರೆ ತೋರಿಸುವ ಮೈಸೂರು ಸೀಮೆಯ ಮನೆಗಳಿಗೆ ಈ ಜಾಣ್ಮೆ ಹೊಸದಲ್ಲ.

ಇಲ್ಲಿ ಅಳತೆಯ ಲೆಕ್ಕವೊಂದಿದೆ. ಇಂಚುದ್ದದ ಸಿಪಾಯಿ ಸುಮಾರು 1:72ರ ಅಳತೆಯವನು. ಅದೇ ಅಳತೆಯಲ್ಲಿ ವಾಟರ್‌ಲೂನ ನಾಲ್ಕು ಕಿಲೋಮೀಟರ್ ಮುಂಚೂಣಿಗೆ 55 ಮೀಟರ್ ಉದ್ದದ ಮೇಜು ಬೇಕು! ಆದ್ದರಿಂದ ನೆಲವನ್ನು ಕುಗ್ಗಿಸಿ, ಹತ್ತು ಮನೆಯ ಹಳ್ಳಿಯನ್ನು ಎರಡು ಮನೆಯಲ್ಲಿ ತೋರಿಸುತ್ತಾರೆ. ಏನನ್ನು ಬಿಡಬೇಕು, ಏನನ್ನು ಬಿಡಬಾರದು ಎಂದು ಅರಿಯುವುದೇ ಇಲ್ಲಿನ ಕಸುಬುಗಾರಿಕೆ.

ಬಿಡಬಾರದ ಒಂದು ವಸ್ತು ಬೆಳೆ. ವಾಟರ್‌ಲೂಗೆ ಎರಡು ದಿನ ಮೊದಲು, ಕ್ವಾತ್ರ್ ಬ್ರಾ ಕದನದಲ್ಲಿ, ರೈ ಪೈರು ಆಳೆತ್ತರ ನಿಂತಿತ್ತು. ಶತ್ರು ಹತ್ತಿರ ಬರುವವರೆಗೂ ಸಿಪಾಯಿಗಳಿಗೆ ಕಾಣುತ್ತಿರಲಿಲ್ಲ. ಇದನ್ನು ತೋರಿಸಲು ಹವ್ಯಾಸಿಗಳು ಬಳಸುವುದು ತೆಂಗಿನ ನಾರಿನ ಕಾಲೊರಸು. ಅದರ ಒಂದು ತುಂಡು ಕತ್ತರಿಸಿ ಮೇಜಿನ ಮೇಲಿಟ್ಟರೆ ಮಾಗಿದ ಪೈರಿನ ಹೊಲ ಸಿದ್ಧ. ಸಿಪಾಯಿಯನ್ನು ಅದರ ನಡುವೆ ನಿಲ್ಲಿಸಿ ಅವನ ಕಣ್ಣಿನ ಮಟ್ಟಕ್ಕೆ ಬಾಗಿ ನೋಡಿದರೆ, ಎದುರಿಗೆ ನಾರಿನ ಗೋಡೆಯಲ್ಲದೆ ಮತ್ತೇನೂ ಕಾಣದು. ಸುಲ್ತಾನ್‌ಪೇಟೆಯ ತೋಪಿನ ಕತ್ತಲಲ್ಲಿ ನಿಂತ ಕರ್ನಲ್‌ಗೂ ಕಂಡದ್ದು ಅಷ್ಟೇ.