ಪಹಣಿ

ಮರಾಠಿಯ ‘ಪಾಹಣೆ’ ಎಂದರೆ ನೋಡುವುದು. ಅದರಿಂದ ‘ಪಾಹಣಿ’, ಅಂದರೆ ತಪಾಸಣೆ. ನಮ್ಮ ಬಾಯಲ್ಲಿ ಅದು ಪಹಣಿಯಾಗಿ, ಜಮೀನಿನ ದಾಖಲೆಗೇ ಹೆಸರಾಯಿತು. 1953ರವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಸೀಮೆಗೆ ಹಳೆಯ ಮಾತು ‘ಅಡಂಗಲ್’. ಗಡಿಯಾಚೆ ಆಂಧ್ರದಲ್ಲಿ ಈಗಲೂ ಅದೇ. ರೂಪನಗುಡಿಯ ರೈತ ಬೆಳೆಸಾಲಕ್ಕೆ ಹೋಗಲಿ, ವಿಮೆಗೆ ಹೋಗಲಿ, ಮೊದಲ ಪ್ರಶ್ನೆ ‘ಪಹಣಿ ತಂದೀರೇನು?’. 2000ರ ಸುಮಾರಿಗೆ ‘ಭೂಮಿ’ ಯೋಜನೆ ಬಂದು ಗ್ರಾಮಲೆಕ್ಕಿಗರ ಕೈಬರಹ ಕಂಪ್ಯೂಟರಿಗೆ ಏರಿತು. ಈಗ ಬೆಳೆಸಮೀಕ್ಷೆಯೂ ಮೊಬೈಲ್ ಫೋಟೊದಲ್ಲೇ. ಆದರೆ ಎರೆಹೊಲದಲ್ಲಿ ಮೆಣಸಿನಗಿಡ ನಿಂತಿದ್ದು ದಾಖಲೆಯಲ್ಲಿ ಜೋಳ ಎಂದಿದ್ದರೆ ವಿಮೆಯ ಹಣ ಕೈಸೇರುವುದು ಕಷ್ಟ. ಒಡೆತನಕ್ಕೆ 9ನೇ ಕಾಲಂ, ಋಣಕ್ಕೆ 11, ಬೆಳೆಗೆ 12. ಹಂಗಾಮಿಗೊಮ್ಮೆ ಮೂರನ್ನೂ ತಪ್ಪದೆ ಓದಿ ನೋಡಿ.