ಕಬ್ಬಿನ ಲೋಳೆಗೂ ಒಂದು ಇತಿಹಾಸ



ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ನಾವು ಬರೆಯ ಹೊರಟಿರುವುದು ಲೋಳೆಯ ಇತಿಹಾಸ. ನಗಬೇಡಿ. ಕಡಿದ ಕಬ್ಬು ಫ್ಯಾಕ್ಟರಿ ಮುಂದೆ ಮೂರು ದಿನ ಬಿಸಿಲಿಗೆ ನಿಂತು ತೂಕ ಕಳಕೊಂಡಿದ್ದನ್ನು ನಾವೂ ಅನುಭವಿಸಿದ್ದೇವೆ. ಹೋಗುವುದು ಬರೀ ತೂಕವಲ್ಲ. ಕಡಿದ ತುದಿಯಿಂದ ಒಳಹೊಕ್ಕ ಸೂಕ್ಷ್ಮಜೀವಿ ಸಕ್ಕರೆಯನ್ನೇ ತಿಂದು ಲೋಳೆ ಮಾಡುತ್ತದೆ. ಆಮೇಲೆ ರಸ ಸೋಸುವುದೂ ಕಷ್ಟ, ಹರಳು ಕಟ್ಟುವುದೂ ನಿಧಾನ.

ಯುರೋಪಿನ ಬೀಟ್ ಸಕ್ಕರೆ ಕಾರ್ಖಾನೆಗಳಲ್ಲೂ ಇದೇ ಕಾಟ ಇತ್ತು. ಇಂಥ ಲೋಳೆ ಸೂಕ್ಷ್ಮಜೀವಿಗಳ ಕೆಲಸ ಎಂದು 1861ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ತೋರಿಸಿದರು. 1874ರಲ್ಲಿ ಶೈಬ್ಲರ್ ಎಂಬ ವಿಜ್ಞಾನಿ ಅದಕ್ಕೆ ಡೆಕ್ಸ್‌ಟ್ರಾನ್ ಎಂದು ಹೆಸರಿಟ್ಟರು. ಸಕ್ಕರೆಯ ಕಣಗಳು ಸರಪಳಿಯ ಹಾಗೆ ಕೂಡಿಕೊಂಡ ವಸ್ತು ಇದು. ಇಂಥವಕ್ಕೆ ಪಾಲಿಸ್ಯಾಕರೈಡ್ ಎನ್ನುತ್ತಾರೆ.

ಕಾಟ ಕೊಟ್ಟದ್ದೇ ಮುಂದೆ ಮದ್ದಾಯಿತು! 1940ರ ದಶಕದಲ್ಲಿ ಸ್ವೀಡನ್ನಿನ ಗ್ರೋನ್‌ವಾಲ್ ಮತ್ತು ಇಂಗೆಲ್‌ಮನ್ ಇದನ್ನು ಶುದ್ಧ ಮಾಡಿ, ರಕ್ತ ಸೋರಿದವರ ನರಕ್ಕೆ ಏರಿಸುವ ದ್ರವ ತಯಾರಿಸಿದರು. 1947ರಲ್ಲಿ ಅದು ಮಾರಾಟಕ್ಕೆ ಬಂತು. ಅಮೆರಿಕದಲ್ಲಿ ಆಲೀನ್ ಜೀನ್ಸ್ ಎಂಬ ಮಹಿಳೆ ಡೆಕ್ಸ್‌ಟ್ರಾನ್ ಕೆಲಸ ಮುಂದುವರಿಸಿದರು. ಎಲೆಕೋಸಿಗೆ ಕಪ್ಪುಕೊಳೆ ರೋಗ ತರುವ ಜೀವಿಯಿಂದ ಕ್ಸಾಂಥಾನ್ ಎಂಬ ಅಂಟು ಬರುವುದನ್ನು ಅವರ ತಂಡ ಕಂಡಿತು. 1969ರಲ್ಲಿ ಅಮೆರಿಕ ಸರ್ಕಾರ ಅದನ್ನು ಆಹಾರಕ್ಕೆ ಒಪ್ಪಿತು. ಸಾಸ್, ಐಸ್‌ಕ್ರೀಂ ಗಟ್ಟಿಯಾಗಿರಲು ಈಗ ಇದನ್ನೇ ಹಾಕುತ್ತಾರೆ.

ಇದಕ್ಕೂ ನಮ್ಮ ಕಬ್ಬಿಗೂ ಏನು ಸಂಬಂಧ ಅಂದರೆ, ಕಾಕಂಬಿ. ಒಂದು ಟನ್ ಕಬ್ಬು ಅರೆದರೆ ಸುಮಾರು 40-45 ಕೆ.ಜಿ. ಕಾಕಂಬಿ ಸಿಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹರಳಾಗದೆ ಉಳಿದ ಸಕ್ಕರೆ ಅಂಶ. ಅದನ್ನು ನೀರಲ್ಲಿ ಬೆರೆಸಿ, ಮಡ್ಡಿ ತೆಗೆದು, ತೊಟ್ಟಿಯಲ್ಲಿ ಈ ಜೀವಿಗಳನ್ನು ಬಿಟ್ಟರೆ ಹುದುಗಿ ಅಂಟಾಗುತ್ತದೆ. ಮದ್ಯಸಾರ ಹಾಕಿದರೆ ಆ ಅಂಟು ಬೇರೆಯಾಗಿ ತಳಕ್ಕಿಳಿಯುತ್ತದೆ. ಆ ಮದ್ಯಸಾರವೂ ಕಾಕಂಬಿಯಿಂದಲೇ ಬರುವಂಥದ್ದು! ಕಾಕಂಬಿಯಿಂದ ಡೆಕ್ಸ್‌ಟ್ರಾನ್, ಕ್ಸಾಂಥಾನ್ ಎರಡೂ ಬರುತ್ತವೆಂದು ಪ್ರಯೋಗಗಳು ತೋರಿಸಿವೆ.

ನಾವು ಕಾಕಂಬಿ ಎಂದರೆ ಸ್ಪಿರಿಟ್ಟು, ದನದ ಮೇವು ಅಂದ್ಕೊಂಡು ಸುಮ್ಮನಿದ್ದೆವು. 2012ರಲ್ಲಿ ರಂಗರಾಜನ್ ಸಮಿತಿ, ಸಕ್ಕರೆಯ ಜೊತೆಗೆ ಕಾಕಂಬಿ, ಸಿಪ್ಪೆ, ಮಡ್ಡಿಯ ಆದಾಯವನ್ನೂ ಲೆಕ್ಕಕ್ಕೆ ಹಿಡಿದು ಶೇ. 70 ಭಾಗ ಬೆಳೆಗಾರನಿಗೆ ಸೇರಬೇಕೆಂದು ಶಿಫಾರಸು ಮಾಡಿತು. ಇದನ್ನು ಪ್ರತಿ ಸದಸ್ಯರೂ ತಿಳಿದಿರಬೇಕು.

ಆದ್ದರಿಂದ ನಮ್ಮ ಕೋರಿಕೆ ಎರಡೇ. ಪರ್ಮಿಟ್ ಬಂದ ಮೇಲೇ ಕಬ್ಬು ಕಡಿಯಿರಿ, ಕಡಿದ ದಿನವೇ ಸಾಗಿಸಿರಿ. ಬಿಲ್ಲು ಕೈಗೆ ಬಂದಾಗ ಸಕ್ಕರೆ ರೇಟಿನ ಜೊತೆಗೆ ಕಾಕಂಬಿ ರೇಟನ್ನೂ ಕೇಳಿರಿ. ಒಬ್ಬೊಬ್ಬರೇ ಕೇಳಿದರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ. ಒಟ್ಟಾಗಿ ಕೇಳಲೆಂದೇ ಹಿರಿಯರು ಈ ಸಂಘ ಕಟ್ಟಿದ್ದು.