‘ಬ್ಲೇಡ್ ರನ್ನರ್’ ಮತ್ತು ಅದರ ಪ್ರೇಕ್ಷಕರು

ಒಂದು ಚಲಚ್ಚಿತ್ರದ ಯೋಗ್ಯತೆಯನ್ನು ತೀರ್ಮಾನಿಸುವವರು ಯಾರು? ಟಿಕೆಟ್ ಕೊಂಡು ಒಳಗೆ ಕೂತ ಪ್ರೇಕ್ಷಕ ಮಹಾಶಯನೇ ಎಂದು ಸಾಮಾನ್ಯವಾಗಿ ಎಲ್ಲರೂ ಹೇಳುತ್ತೇವೆ. ಮೊದಲ ವಾರ ಗಲ್ಲಾಪೆಟ್ಟಿಗೆ ತುಂಬಿದರೆ ಚಿತ್ರ ಗೆದ್ದಿತು; ತುಂಬದಿದ್ದರೆ ಬಿದ್ದಿತು. ಕಚೇರಿಯ ಕಡತದಲ್ಲಿ ಗುಮಾಸ್ತ ಬರೆದ ಮೊದಲ ಟಿಪ್ಪಣಿಗೆ ಮೇಲಿನವರೆಲ್ಲ ಸಹಿ ಹಾಕುತ್ತ ಹೋಗುವಂತೆ, ಮೊದಲ ವಾರದ ಮಾತೇ ಆ ಚಿತ್ರದ ಹಣೆಬರಹವಾಗಿ ನಿಂತುಬಿಡುತ್ತದೆ. ಆದರೆ ಮುಚ್ಚಿದ ಕಡತ ಎಷ್ಟೋ ವರ್ಷಗಳ ಮೇಲೆ ಮತ್ತೆ ಮೇಜಿಗೆ ಬರುವುದೂ ಉಂಟಲ್ಲವೆ? ಅಂಥದೊಂದು ಕಡತದ ಕಥೆಯನ್ನು ಈ ತಿಂಗಳು ಓದುಗರ ಮುಂದಿಡುತ್ತಿದ್ದೇವೆ.

ಚಿತ್ರದ ಹೆಸರು ‘ಬ್ಲೇಡ್ ರನ್ನರ್’. ಅಮೆರಿಕದಲ್ಲಿ ತೆರೆಕಂಡದ್ದು 1982ರ ಜೂನ್ 25ರಂದು. ನಿರ್ದೇಶಕ ಇಂಗ್ಲೆಂಡಿನ ರಿಡ್ಲಿ ಸ್ಕಾಟ್. ಮೂಲ ಕಥೆ ಅಮೆರಿಕದ ಲೇಖಕ ಫಿಲಿಪ್ ಕೆ. ಡಿಕ್ 1968ರಲ್ಲಿ ಪ್ರಕಟಿಸಿದ ಕಾದಂಬರಿ. ನಾಯಕನಾಗಿ ಹ್ಯಾರಿಸನ್ ಫೋರ್ಡ್, ಎದುರಾಳಿಯಾಗಿ ಡಚ್ ನಟ ರಟ್ಗರ್ ಹೌವರ್. ಹಿನ್ನೆಲೆ ಸಂಗೀತ ಗ್ರೀಸಿನ ವ್ಯಾಂಗೆಲಿಸ್ ಅವರದು.

ಕಥೆ ನಡೆಯುವುದು 2019ರ ನವೆಂಬರ್ ತಿಂಗಳ ಲಾಸ್ ಏಂಜಲೀಸ್ ನಗರದಲ್ಲಿ. ಅಲ್ಲಿ ಹೆಚ್ಚುಕಡಿಮೆ ಸದಾ ರಾತ್ರಿ, ಸದಾ ಮಳೆ. ಆಕಾಶದಲ್ಲಿ ಹಾರುವ ಕಾರುಗಳು, ಕಟ್ಟಡಗಳ ಮೈತುಂಬ ಜಾಹೀರಾತು, ಕೆಳಗೆ ಕೊಳಕು ಬೀದಿಯಲ್ಲಿ ಹತ್ತು ಭಾಷೆ ಬೆರೆಸಿ ಮಾತಾಡುವ ಜನ. ಟೈರೆಲ್ ಎಂಬ ಕಂಪನಿ ಮನುಷ್ಯನನ್ನೇ ಹೋಲುವ ಕೃತಕ ಜೀವಿಗಳನ್ನು ತಯಾರಿಸುತ್ತದೆ. ಅವರಿಗೆ ‘ರೆಪ್ಲಿಕೆಂಟ್’ ಎಂದು ಹೆಸರು. ಬೇರೆ ಗ್ರಹಗಳಲ್ಲಿ ಗುಲಾಮರಂತೆ ದುಡಿಯುವುದೇ ಅವರ ಪಾಡು. ಆಯುಸ್ಸು ನಾಲ್ಕೇ ವರ್ಷ. ತಪ್ಪಿಸಿಕೊಂಡು ಭೂಮಿಗೆ ಬಂದ ನಾಲ್ವರನ್ನು ಹುಡುಕಿ ಕೊಲ್ಲುವ ಕೆಲಸ ನಾಯಕ ಡೆಕರ್ಡ್‌ನದು. ಯಾರು ಮನುಷ್ಯ, ಯಾರು ಕೃತಕ ಎಂದು ಪತ್ತೆ ಮಾಡಲು ಒಂದು ಯಂತ್ರವಿದೆ. ಮನಸ್ಸನ್ನು ಕಲಕುವ ಪ್ರಶ್ನೆಗಳನ್ನು ಕೇಳುತ್ತ ಕಣ್ಣಿನ ಪಾಪೆಯ ಏರಿಳಿತವನ್ನು ಅದು ಅಳೆಯುತ್ತದೆ. ಭಾವೋದ್ರೇಕವಾದಾಗ ಪಾಪೆ ಹಿಗ್ಗುವುದು ಶರೀರಶಾಸ್ತ್ರ ಒಪ್ಪಿದ ಸಂಗತಿಯೇ. ಅದರ ಮೇಲೆ ಕಟ್ಟಿದ ಯಂತ್ರ ಮಾತ್ರ ಕಲ್ಪನೆ.

ಚೀಟಿಯ ಮೇಲಿನ ತೀರ್ಪು

ಹಾಲಿವುಡ್ಡಿನಲ್ಲಿ ಒಂದು ಪದ್ಧತಿಯುಂಟು. ಚಿತ್ರವನ್ನು ಬಿಡುಗಡೆ ಮಾಡುವ ಮುಂಚೆ ಯಾವುದಾದರೂ ಊರಿನ ಸಾಮಾನ್ಯ ಪ್ರೇಕ್ಷಕರಿಗೆ ತೋರಿಸಿ, ಅಭಿಪ್ರಾಯವನ್ನು ಚೀಟಿಗಳಲ್ಲಿ ಬರೆಸಿಕೊಳ್ಳುತ್ತಾರೆ. ‘ಬ್ಲೇಡ್ ರನ್ನರ್’ ಚಿತ್ರವನ್ನು 1982ರ ಮಾರ್ಚ್ ತಿಂಗಳಲ್ಲಿ ಡೆನ್ವರ್ ಮತ್ತು ಡಲ್ಲಾಸ್ ನಗರಗಳಲ್ಲಿ ಹೀಗೆ ತೋರಿಸಲಾಯಿತು. ಬಂದ ಅಭಿಪ್ರಾಯ ನಿರ್ಮಾಪಕರ ಎದೆ ನಡುಗಿಸಿತು. ಕಥೆ ಅರ್ಥವಾಗಲಿಲ್ಲ, ತೀರ ಕತ್ತಲೆ, ತೀರ ನಿಧಾನ, ಕೊನೆ ಥಟ್ಟನೆ ಕತ್ತರಿಸಿದಂತಿದೆ ಎಂಬುದು ಅವುಗಳ ಸಾರಾಂಶ.

ಖರ್ಚಾಗಿದ್ದ ಹಣವಾದರೋ ಸುಮಾರು 3 ಕೋಟಿ ಡಾಲರಿನ ಹತ್ತಿರ ಬಂದಿತ್ತು. ಹಣ ಹಾಕಿದವರು ಸುಮ್ಮನಿರಲಿಲ್ಲ. ಎರಡು ಮುಖ್ಯ ಬದಲಾವಣೆಗಳಾದವು. ಮೊದಲನೆಯದು, ಡೆಕರ್ಡ್ ತನ್ನ ಕಥೆಯನ್ನು ತಾನೇ ವಿವರಿಸುವ ಹಿನ್ನೆಲೆ ನಿರೂಪಣೆ. ಚಿತ್ರಕಥೆಯ ಕೆಲವು ಕರಡುಗಳಲ್ಲಿ ಇಂಥ ನಿರೂಪಣೆ ಮುಂಚೆಯೇ ಇತ್ತು, ನಿಜ. ಆದರೆ ಈಗ ಅದು ಪ್ರೇಕ್ಷಕನ ಕೈಹಿಡಿದು ನಡೆಸುವ ಊರುಗೋಲಾಗಿ ಬಂತು. ಅದನ್ನು ಓದಿದ ಹ್ಯಾರಿಸನ್ ಫೋರ್ಡ್ ಅವರಿಗೇ ಅದು ಹಿಡಿಸಿರಲಿಲ್ಲ. ಎರಡನೆಯದು, ಸುಖಾಂತ್ಯ. ಕತ್ತಲೆಯ ನಗರವನ್ನು ಬಿಟ್ಟು ನಾಯಕ ನಾಯಕಿಯರು ಹಗಲು ಬೆಳಕಿನಲ್ಲಿ ಬೆಟ್ಟಗಳ ನಡುವೆ ಕಾರಿನಲ್ಲಿ ಸಾಗುತ್ತಾರೆ. ಆ ಬೆಟ್ಟಗಳ ದೃಶ್ಯಕ್ಕೂ ಒಂದು ಸ್ವಾರಸ್ಯವಿದೆ. ಅದು ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರು 1980ರ ‘ದಿ ಶೈನಿಂಗ್’ ಚಿತ್ರಕ್ಕಾಗಿ ತೆಗೆಸಿ, ಬಳಸದೆ ಉಳಿಸಿದ್ದ ಫಿಲ್ಮು! ಒಬ್ಬರ ಮನೆಯಲ್ಲಿ ಮಿಕ್ಕ ಹೂವಿನಿಂದ ಇನ್ನೊಬ್ಬರ ಮನೆಯ ಮಂಟಪ ಸಿಂಗರಿಸಿದಂತಾಯಿತು.

ಇಷ್ಟೆಲ್ಲ ಮಾಡಿದರೂ ಫಲವೇನು? ಮೊದಲ ವಾರಾಂತ್ಯದ ಗಳಿಕೆ ಸುಮಾರು 60 ಲಕ್ಷ ಡಾಲರಿಗೆ ನಿಂತಿತು. ಮುಂದಿನ ವಾರಗಳಲ್ಲಿ ಜನ ಇನ್ನೂ ತೆಳ್ಳಗಾದರು. ಅಮೆರಿಕದ ಮೊದಲ ಸುತ್ತಿನ ವಸೂಲಿ ತಯಾರಿಕೆಯ ವೆಚ್ಚವನ್ನೇ ಮುಟ್ಟಲಿಲ್ಲ. ಕಣ್ಣಿಗೆ ಹಬ್ಬ, ಮನಸ್ಸಿಗೆ ಉಪವಾಸ ಎಂಬ ಧಾಟಿಯಲ್ಲಿ ಹಲವು ವಿಮರ್ಶಕರು ಬರೆದರು. ಆ ಕಣ್ಣಿನ ಹಬ್ಬವನ್ನು ನೋಡದೆ ತೀರಿಕೊಂಡವರು ಮೂಲ ಲೇಖಕ ಡಿಕ್. ಕೆಲವು ನಿಮಿಷಗಳ ತಂತ್ರದೃಶ್ಯಗಳನ್ನು ಕಂಡು ಅವರು ಸಂತೋಷಪಟ್ಟಿದ್ದರು. ಪೂರ್ಣ ಚಿತ್ರ ಸಿದ್ಧವಾಗುವ ಮುಂಚೆಯೇ, ಮಾರ್ಚ್ 2ರಂದು, ಕಣ್ಣುಮುಚ್ಚಿದರು.

ಜನ ಬಯಸಿದ್ದೇನು, ಸಿಕ್ಕಿದ್ದೇನು?

ಹಾಗಾದರೆ ಆ ಪ್ರೇಕ್ಷಕರು ದಡ್ಡರೇ? ಖಂಡಿತ ಅಲ್ಲ. ಅವರು ಏನನ್ನು ಬಯಸಿ ಬಂದಿದ್ದರೆಂಬುದನ್ನು ನೋಡಬೇಕು. ಹ್ಯಾರಿಸನ್ ಫೋರ್ಡ್ ಎಂದರೆ ಅವರಿಗೆ 1977ರ ‘ಸ್ಟಾರ್ ವಾರ್ಸ್’ ಚಿತ್ರದ ತುಂಟ ಸಾಹಸಿ. 1981ರ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಚಿತ್ರದ ಚಾವಟಿ ಹಿಡಿದ ವೀರ. ಇಲ್ಲಿಯ ಫೋರ್ಡ್ ನಗುವುದಿಲ್ಲ. ಓಡಿಹೋಗುವ ಹೆಣ್ಣೊಬ್ಬಳ ಬೆನ್ನಿಗೆ ಗುಂಡು ಹೊಡೆಯುತ್ತಾನೆ. ಎದುರಾಳಿಯಿಂದ ಪೆಟ್ಟು ತಿಂದು, ಕಡೆಗೆ ಆ ಎದುರಾಳಿಯ ಕೃಪೆಯಿಂದಲೇ ಬದುಕುತ್ತಾನೆ. ಹಣ ಕೊಟ್ಟು ವೀರನನ್ನು ನೋಡಲು ಬಂದವನಿಗೆ ಇದು ಮೋಸವೆಂದು ತೋರಿದರೆ ಆಶ್ಚರ್ಯವೇನು?

ಮೇಲಾಗಿ ಎರಡೇ ವಾರ ಮುಂಚೆ, ಜೂನ್ 11ರಂದು, ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಬಂದಿತ್ತು. ಅಲ್ಲಿ ಬೇರೆ ಲೋಕದ ಪ್ರಾಣಿ ಒಬ್ಬ ಹುಡುಗನ ಗೆಳೆಯ. ಮಕ್ಕಳು ಮರಿ ಸಮೇತ ಅಮೆರಿಕವೆಲ್ಲ ಆ ಚಿತ್ರಮಂದಿರಗಳಲ್ಲಿ ಕೂತು ಅತ್ತು ನಗುತ್ತಿತ್ತು. ‘ಬ್ಲೇಡ್ ರನ್ನರ್’ ಬಿಡುಗಡೆಯಾದ ದಿನವೇ ಬಂದ ಇನ್ನೊಂದು ಕರಾಳ ಚಿತ್ರ ಜಾನ್ ಕಾರ್ಪೆಂಟರ್ ಅವರ ‘ದಿ ಥಿಂಗ್’. ಅದೂ ಸೋತಿತು, ಅದನ್ನೂ ಮುಂದೆ ಜನ ಮೆಚ್ಚಿಕೊಂಡರು. ಆ ಬೇಸಿಗೆಯಲ್ಲಿ ಜನಕ್ಕೆ ಬೇಕಿದ್ದುದು ಸಾಂತ್ವನ.

ಇದು ಹೊಸ ಅನುಭವವೂ ಅಲ್ಲ. ‘ಬ್ಲೇಡ್ ರನ್ನರ್’ ನಗರದ ಪೂರ್ವಜನೆಂದು ಹೇಳಬಹುದಾದ ಜರ್ಮನಿಯ ಮೂಕಿಚಿತ್ರ ‘ಮೆಟ್ರೊಪೊಲಿಸ್’ ಬರ್ಲಿನ್ನಿನಲ್ಲಿ ಮೊದಲು ಪ್ರದರ್ಶನಗೊಂಡದ್ದು 1927ರ ಜನವರಿ 10ರಂದು. ಫ್ರಿಟ್ಸ್ ಲಾಂಗ್ ಅವರ ಆ ಭಾರೀ ಚಿತ್ರವೂ ಹಣ ಕಳೆದುಕೊಂಡಿತು. ವೈಜ್ಞಾನಿಕ ಕಾದಂಬರಿಗಳ ಗುರುವೆನಿಸಿದ ಎಚ್. ಜಿ. ವೆಲ್ಸ್ ಅದನ್ನು ಪತ್ರಿಕೆಯಲ್ಲಿ ಹಿಗ್ಗಾಮುಗ್ಗಾ ಹೀಯಾಳಿಸಿದರು. ಉದ್ದವಾಯಿತೆಂದು ಕತ್ತರಿ ಹಾಕಿದರು. ಕತ್ತರಿಸಿದ ಭಾಗ ಕಳೆದೇಹೋಯಿತೆಂದು ಎಲ್ಲರೂ ನಂಬಿದ್ದರು. ಅದರ ಬಹುಭಾಗ 2008ರಲ್ಲಿ ಅರ್ಜೆಂಟೀನದ ಬ್ಯೂನಸ್ ಐರಿಸ್ ನಗರದ ಒಂದು ಚಲಚ್ಚಿತ್ರ ಸಂಗ್ರಹಾಲಯದಲ್ಲಿ ಸಿಕ್ಕಿತು. ಜನರ ಬೇಸರಕ್ಕೆ ಹೆದರಿ ಹಾಕಿದ ಕತ್ತರಿಯ ಗಾಯ ಮಾಯಲು 80 ವರ್ಷ ಹಿಡಿಯಿತು.

ಮೆಚ್ಚಿದ ಕೆಲವರು

‘ಬ್ಲೇಡ್ ರನ್ನರ್’ ಚಿತ್ರವನ್ನು ಮೆಚ್ಚಿದವರು ಆಗಲೂ ಇದ್ದರು. ವೈಜ್ಞಾನಿಕ ಕಥೆಗಳ ಅಭಿಮಾನಿಗಳು ತಮ್ಮ ವಿಶ್ವ ಸಮ್ಮೇಳನದಲ್ಲಿ ಮತ ಹಾಕಿ ಕೊಡುವ ಹ್ಯೂಗೋ ಪ್ರಶಸ್ತಿ 1983ರಲ್ಲಿ ಇದಕ್ಕೇ ಸಂದಿತು, ಸ್ಪರ್ಧೆಯಲ್ಲಿ ‘ಇ.ಟಿ.’ ಕೂಡ ಇತ್ತು. ಬ್ರಿಟಿಷ್ ಅಕಾಡೆಮಿ ಛಾಯಾಗ್ರಹಣ, ಕಲಾನಿರ್ದೇಶನ, ವಸ್ತ್ರವಿನ್ಯಾಸಗಳಿಗೆ ಮೂರು ಪ್ರಶಸ್ತಿ ಕೊಟ್ಟಿತು. ಆಸ್ಕರ್ ಸ್ಪರ್ಧೆಯಲ್ಲಿ ಎರಡು ವಿಭಾಗಗಳಿಗೆ ಹೆಸರು ಬಂದರೂ ಎರಡೂ ತಪ್ಪಿದವು. ತಂತ್ರದೃಶ್ಯದ ಪ್ರಶಸ್ತಿ ‘ಇ.ಟಿ.’ಗೆ ಹೋಯಿತು. ಕಲಾನಿರ್ದೇಶನದ್ದು ಹೋದದ್ದು ನಮ್ಮ ದೇಶದಲ್ಲೇ ಚಿತ್ರೀಕರಣಗೊಂಡ ‘ಗಾಂಧಿ’ ಚಿತ್ರಕ್ಕೆ! ಚರಕ ಹಿಡಿದ ಮುದುಕನ ಎದುರು ಹಾರುವ ಕಾರು ಸೋತಿತೆಂದು ನಾವು ತಮಾಷೆಯಾಗಿ ಹೇಳಬಹುದು.

ಇನ್ನೊಬ್ಬ ಪ್ರೇಕ್ಷಕನ ಪ್ರತಿಕ್ರಿಯೆ ಎಲ್ಲಕ್ಕಿಂತ ವಿಚಿತ್ರವಾದದ್ದು. ಲೇಖಕ ವಿಲಿಯಂ ಗಿಬ್ಸನ್ ಆಗ ‘ನ್ಯೂರೊಮ್ಯಾನ್ಸರ್’ ಎಂಬ ಕಾದಂಬರಿ ಬರೆಯುತ್ತಿದ್ದರು. ಚಿತ್ರ ನೋಡಲು ಹೋದವರು ಪ್ರಾರಂಭದ ಭಾಗ ಮುಗಿಯುತ್ತಲೇ ಎದ್ದು ಹೊರಬಂದರು. ಬೇಸರದಿಂದಲ್ಲ, ಭಯದಿಂದ. ತಾನು ಮನಸ್ಸಿನಲ್ಲಿ ಕಟ್ಟಿದ್ದ ನಗರವೇ ತೆರೆಯ ಮೇಲಿತ್ತು. ತನ್ನದನ್ನು ನಕಲೆಂದು ಜನ ಹೇಳಿಯಾರು ಎಂಬ ಅಳುಕು. ಆದರೂ ಬರವಣಿಗೆಯನ್ನು ಕೈಬಿಡಲಿಲ್ಲ. ಆ ಕಾದಂಬರಿ 1984ರಲ್ಲಿ ಪ್ರಕಟವಾಗಿ ಹೆಸರಾಯಿತು.

ಮತ್ತೆ ತೆರೆದ ಕಡತ

ಚಿತ್ರವನ್ನು ಕಾಪಾಡಿದ್ದು ವೀಡಿಯೋ ಕ್ಯಾಸೆಟ್. ಚಿತ್ರಮಂದಿರದಲ್ಲಿ ಒಮ್ಮೆ ನೋಡಿ ಗೊಂದಲಗೊಂಡವರು ಮನೆಯಲ್ಲಿ ಎರಡನೆಯ ಸಲ, ಮೂರನೆಯ ಸಲ ನೋಡಿದರು. ಮೊದಲ ನೋಟದಲ್ಲಿ ಕಥೆ ಹುಡುಕುತ್ತಿದ್ದ ಕಣ್ಣು, ಎರಡನೆಯ ನೋಟದಲ್ಲಿ ಮಳೆಯನ್ನೂ ಮುಖಗಳನ್ನೂ ಕಂಡಿತು. ಕಾಲೇಜುಗಳಲ್ಲಿ ಚರ್ಚೆ ನಡೆಯಿತು, ಪ್ರಬಂಧಗಳು ಬಂದವು.

1990ರ ಮೇ ತಿಂಗಳಲ್ಲಿ ಒಂದು ಆಕಸ್ಮಿಕ ನಡೆಯಿತು. ಲಾಸ್ ಏಂಜಲೀಸಿನ ಫೇರ್‌ಫ್ಯಾಕ್ಸ್ ಚಿತ್ರಮಂದಿರದ ಉತ್ಸವವೊಂದಕ್ಕೆ 70 ಮಿಲಿಮೀಟರ್ ಪ್ರತಿಯೊಂದು ಬಂತು. ಮಾಮೂಲು ಪ್ರತಿಯೆಂದು ತೋರಿಸತೊಡಗಿದರೆ, ಅದು ಬೇರೆಯೇ! ನಾಯಕನ ನಿರೂಪಣೆ ಒಂದು ಕಡೆ ಬಿಟ್ಟು ಇನ್ನೆಲ್ಲಿಯೂ ಇಲ್ಲ, ಕೊನೆಯ ಬೆಟ್ಟಗಳಿಲ್ಲ. ನೋಡಿದವರು ರೋಮಾಂಚಿತರಾದರು. ಸುದ್ದಿ ಹಬ್ಬಿತು. 1991ರಲ್ಲಿ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಗರಗಳಲ್ಲಿ ಅದೇ ಪ್ರತಿಯನ್ನು ತೋರಿಸಿದಾಗ ಚಿತ್ರಮಂದಿರಗಳು ಕಿಕ್ಕಿರಿದವು.

ಓದುಗರು ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಪ್ರತಿ ಯಾವುದು? 1982ರಲ್ಲಿ ಡೆನ್ವರ್ ಮತ್ತು ಡಲ್ಲಾಸಿನ ಜನ ಚೀಟಿ ಬರೆದು ತಿರಸ್ಕರಿಸಿದ್ದ ರೂಪವೇ ಅದು! ಫಿಲ್ಮಿನಲ್ಲಿ ಬದಲಾವಣೆ ಇರಲಿಲ್ಲ. ಎಂಟು ವರ್ಷದ ಹಿಂದೆ ದೋಷವೆಂದು ಬರೆದ ಕತ್ತಲೆ, ನಿಧಾನ, ಥಟ್ಟನೆ ಮುಗಿಯುವ ಕೊನೆ ಇವೇ ಈಗ ಗುಣಗಳೆನಿಸಿದವು. ಬದಲಾದದ್ದು ಕುರ್ಚಿಯಲ್ಲಿ ಕೂತವರು.

ಸ್ಟುಡಿಯೋ ಈಗ ಎಚ್ಚೆತ್ತಿತು. ನಿರೂಪಣೆಯನ್ನೂ ಸುಖಾಂತ್ಯವನ್ನೂ ತೆಗೆದ ‘ನಿರ್ದೇಶಕರ ಆವೃತ್ತಿ’ 1992ರಲ್ಲಿ ಬಂತು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ದಾಖಲೆಪಟ್ಟಿಗೆ ಚಿತ್ರ ಸೇರಿತು. ರಿಡ್ಲಿ ಸ್ಕಾಟ್ ತಮ್ಮ ಪೂರ್ಣ ಅಧಿಕಾರದಿಂದ ತಿದ್ದಿದ ಅಂತಿಮ ಆವೃತ್ತಿ 2007ರಲ್ಲಿ ಹೊರಬಂತು. 1982ರಲ್ಲಿ ದೃಶ್ಯಗಳನ್ನು ಹೊಗಳಿ ಮನುಷ್ಯರ ಕಥೆ ಸೊರಗಿದೆ ಎಂದಿದ್ದ ಪ್ರಸಿದ್ಧ ವಿಮರ್ಶಕ ರೋಜರ್ ಈಬರ್ಟ್, 2007ರಲ್ಲಿ ಅದನ್ನು ತಮ್ಮ ಮಹಾನ್ ಚಿತ್ರಗಳ ಸಾಲಿಗೆ ಸೇರಿಸಿಕೊಂಡರು.

ಹಾಗೆಂದು ಜನ ಪಾಠ ಕಲಿತರೆಂದು ಹೇಳುವಂತಿಲ್ಲ. ಡೆನಿಸ್ ವಿಲ್‌ನವ್ ನಿರ್ದೇಶಿಸಿದ ಮುಂದುವರಿದ ಭಾಗ ‘ಬ್ಲೇಡ್ ರನ್ನರ್ 2049’ 2017ರ ಅಕ್ಟೋಬರಿನಲ್ಲಿ ಬಂದಾಗ ವಿಮರ್ಶಕರು ಕೊಂಡಾಡಿದರು. ಗಳಿಕೆ ಮಾತ್ರ ನಿರೀಕ್ಷೆಯನ್ನು ಮುಟ್ಟಲಿಲ್ಲ. ಅದರ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಅವರಿಗೆ ಹದಿಮೂರು ಸಲ ಕೈತಪ್ಪಿದ್ದ ಆಸ್ಕರ್ ಹದಿನಾಲ್ಕನೆಯ ಸಲ ದೊರೆತದ್ದಷ್ಟೇ ಸಮಾಧಾನ.

ನೆನಪೆಂಬ ಆಸ್ತಿ

ಚಿತ್ರ ಊಹಿಸಿದ್ದ 2019 ಈಗ ಕಳೆದುಹೋಗಿದೆ. ಹಾರುವ ಕಾರು ಬರಲಿಲ್ಲ. ಅದರಲ್ಲಿ ಥಳಥಳಿಸುವ ಪ್ಯಾನ್ ಆಮ್ ವಿಮಾನ ಕಂಪನಿ 1991ರಲ್ಲೇ ಮುಚ್ಚಿತು. ಕಥೆಯಲ್ಲಿ 2019ರಲ್ಲಿ ಸಾಯುವ ಪಾತ್ರವನ್ನು ಮಾಡಿದ ರಟ್ಗರ್ ಹೌವರ್ ನಿಜವಾಗಿಯೂ 2019ರ ಜುಲೈಯಲ್ಲಿ ತೀರಿಕೊಂಡರು. ಹೀಗೆ ಭವಿಷ್ಯವಾಣಿ ಬಹಳಷ್ಟು ಸುಳ್ಳಾದ ಮೇಲೂ ಜನ ಈ ಚಿತ್ರವನ್ನು ನೋಡುತ್ತಿರುವುದೇಕೆ?

ನಮಗೆ ತೋರುವ ಕಾರಣ ಇದು. ಚಿತ್ರದ ಕೃತಕ ಜೀವಿಗಳು ಫೋಟೋಗಳನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ರೇಚಲ್ ಎಂಬವಳು ತಾಯಿಯೊಡನೆ ತಾನಿರುವ ಫೋಟೋ ತೋರಿಸಿ, ತಾನು ಮನುಷ್ಯಳೇ ಎಂದು ಸಾಧಿಸಲು ಹೊರಡುತ್ತಾಳೆ. ಆ ಬಾಲ್ಯದ ನೆನಪು ಬೇರೊಬ್ಬಳದೆಂದೂ ತನ್ನ ತಲೆಯೊಳಗೆ ತುಂಬಿಸಿದ್ದೆಂದೂ ತಿಳಿದಾಗ ಅವಳ ಮುಖ ನೋಡಬೇಕು. ದುಡಿಮೆಗಾಗಿ ಒಂದೆಡೆಯಿಂದ ಇನ್ನೊಂದೆಡೆಗೆ ಬಂದವರಿಗೆ ಹಳೆಯ ಫೋಟೋ ಎಂದರೇನೆಂದು ಪರಊರಿನಲ್ಲಿ ಸಂಸಾರ ಹೂಡಿದ ನಮಗೆ ಯಾರೂ ವಿವರಿಸಬೇಕಿಲ್ಲ. ಅಜ್ಜಿಯ ಮನೆಯ ಜಗಲಿಯನ್ನು ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಫೋಟೋದಲ್ಲಿ ಮಾತ್ರ ಕಂಡಿದ್ದಾರೆ. ಆದರೂ ಅದು ತಮ್ಮದೆನ್ನುತ್ತಾರೆ. ನೆನಪು ಕೊಟ್ಟದ್ದಾದರೂ, ಅದನ್ನು ಪ್ರೀತಿಸುವ ಮನಸ್ಸು ಸುಳ್ಳೇ? ಡೆನ್ವರಿನ ಚೀಟಿಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ.

ಈ ಚಿತ್ರವನ್ನು ಇನ್ನೂ ನೋಡದವರು 2007ರ ಆವೃತ್ತಿಯನ್ನೇ ಹುಡುಕಿ ನೋಡುವುದು ಒಳ್ಳೆಯದು. ಹಿಂಸೆಯ ದೃಶ್ಯಗಳಿರುವುದರಿಂದ ಚಿಕ್ಕ ಮಕ್ಕಳಿಗೆ ಬೇಡ. ಕಾಲೇಜಿಗೆ ಹೋಗುವ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು, ಮುಗಿದ ಮೇಲೆ ಚೆನ್ನಾಗಿತ್ತೆ ಎಂದು ಕೇಳುವ ಬದಲು, ಯಾರನ್ನು ಕಂಡು ಮರುಕವಾಯಿತು ಎಂದು ಕೇಳಿ ನೋಡಿ. ಒಂದು ವಾರ ಬಿಟ್ಟು ಮತ್ತೊಮ್ಮೆ ಕೇಳಿ. ಉತ್ತರ ಬದಲಾದರೂ ಆಗಬಹುದು.